ವಿಕಿರಣ ಚಿಕಿತ್ಸೆಯಲ್ಲಿ ಅಳತೆಯ ಪ್ರಾಮಾಣ್ಯ

ಅರ್ಬುದರೋಗಕ್ಕೆ ಕಿರಣಗಳಿಂದ ಚಿಕಿತ್ಸೆ ನಡೆಸುವ ಆಸ್ಪತ್ರೆಗಳಲ್ಲಿ ವೈದ್ಯರ ಜೊತೆಗೆ ಭೌತವಿಜ್ಞಾನಿಗಳೂ ಇರುವರು. ರೋಗವನ್ನು ನಿರ್ಣಯಿಸಿ, ಎಷ್ಟು ವಿಕಿರಣ ಬೇಕೆಂದು ವಿಧಿಸುವುದು ವೈದ್ಯರ ಅಧಿಕಾರ. ವಿಧಿಸಿದಷ್ಟೇ, ವಿಧಿಸಿದ ಸ್ಥಳಕ್ಕೇ ಅದು ತಲಪುವಂತೆ ಮಾಡುವುದು ಭೌತವಿಜ್ಞಾನಿಗಳ ಹೊಣೆ. ಔಷಧವನ್ನಾದರೆ ತಕ್ಕಡಿಯಲ್ಲಿ ತೂಗಬಹುದು. ಕಿರಣವಾದರೋ ಕಣ್ಣಿಗೆ ಕಾಣದು, ಮೈಗೆ ತಿಳಿಯದು. ಆದುದರಿಂದ ಈ ಶಾಸ್ತ್ರದಲ್ಲಿ ಅಳತೆಯೇ ಮೊದಲನೆಯ ಪ್ರಶ್ನೆ.

ರಂಟ್‌ಗೆನ್ನರು 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದ ತರುವಾಯ, ಬಹುಕಾಲ ವೈದ್ಯರು ಚರ್ಮವು ಕೆಂಪೇರುವುದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದರು. ಈ ಕೆಂಪು ಒಬ್ಬೊಬ್ಬರ ಮೈಯಲ್ಲಿ ಒಂದೊಂದು ಬಗೆ. ಅದು ತೋರುವುದೂ ತಡವಾಗಿ. 1928ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು, ಕಿರಣವು ಗಾಳಿಯಲ್ಲಿ ಹುಟ್ಟಿಸುವ ವಿದ್ಯುದಂಶವನ್ನು ಆಧರಿಸಿ, ‘ರಂಟ್‌ಗೆನ್’ ಎಂಬ ಮಾನವನ್ನು ಅಂಗೀಕರಿಸಿತು. ಆದರೆ ಚಿಕಿತ್ಸೆ ನಡೆಯುವುದು ಗಾಳಿಗಲ್ಲ, ದೇಹಕ್ಕೆ. ಒಂದರಿಂದ ಇನ್ನೊಂದಕ್ಕೆ ದಾರಿಮಾಡಿಕೊಟ್ಟವರಲ್ಲಿ ಲೂಯಿಸ್ ಹೆರಾಲ್ಡ್ ಗ್ರೇ (1905–1965) ಮುಖ್ಯರು. ಕೇಂಬ್ರಿಜಿನಲ್ಲಿ ವ್ಯಾಸಂಗಮಾಡಿ, ಲಂಡನ್ನಿನ ಬಳಿಯ ಮೌಂಟ್ ವರ್ನನ್ ಆಸ್ಪತ್ರೆಯನ್ನು ಸೇರಿದ ಇವರು, ವಸ್ತುವಿನೊಳಗೆ ಗಾಳಿಯ ಅತಿ ಸಣ್ಣ ಕುಹರವೊಂದನ್ನು ಕಲ್ಪಿಸಿ, ಅದರಲ್ಲಿ ಹುಟ್ಟುವ ವಿದ್ಯುದಂಶದಿಂದ ಸುತ್ತಲಿನ ವಸ್ತುವು ಹೀರಿದ ಶಕ್ತಿಯನ್ನು ಗಣಿಸುವ ಕ್ರಮವನ್ನು ನೆಲೆಗೊಳಿಸಿದರು. ಬ್ರಾಗ್ ಎಂಬವರು ಇದರ ಬೀಜವನ್ನು ಮೊದಲೇ ಸೂಚಿಸಿದ್ದುದರಿಂದ ಇದಕ್ಕೆ ಬ್ರಾಗ್-ಗ್ರೇ ತತ್ತ್ವವೆಂದು ಹೆಸರು. ಒಂದು ಕಿಲೋಗ್ರಾಂ ವಸ್ತುವು ಒಂದು ಜೌಲ್ ಶಕ್ತಿಯನ್ನು ಹೀರಿದರೆ ಆ ಪ್ರಮಾಣಕ್ಕೆ ‘ಗ್ರೇ’ ಎಂಬ ಹೆಸರು 1975ರಲ್ಲಿ ಸ್ಥಿರಪಟ್ಟಿತು.

ಈ ಮಾನದ ಅಲ್ಪತ್ವವು ಆಶ್ಚರ್ಯಕರವಾದುದು. ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ದಿನಕ್ಕೆ 2 ಗ್ರೇ ಕೊಡುವುದುಂಟು. ಅಷ್ಟು ಶಕ್ತಿಯಿಂದ ನೀರಿನ ಉಷ್ಣತೆ ಸೆಂಟಿಗ್ರೇಡ್ ಡಿಗ್ರಿಯ ಎರಡು ಸಾವಿರದಲ್ಲೊಂದು ಪಾಲಿನಷ್ಟೂ ಏರದು. ಹಾಗಿದ್ದರೂ ಅದು ಜೀವಕೋಶದ ವಂಶವಾಹಿ ತಂತುಗಳನ್ನು ಕಡಿಯಬಲ್ಲುದು. ಪ್ರಮಾಣವು ಕಡಮೆಯಾದರೆ ರೋಗವು ಉಳಿಯುತ್ತದೆ, ಹೆಚ್ಚಾದರೆ ಆರೋಗ್ಯವಾದ ಅಂಗವು ಕೆಡುತ್ತದೆ. ಇವೆರಡರ ನಡುವಣ ಹಾದಿ ಇಕ್ಕಟ್ಟಾದುದರಿಂದ, ಶೇಕಡಾ 5ಕ್ಕಿಂತ ಹೆಚ್ಚು ವ್ಯತ್ಯಾಸವಾಗಬಾರದೆಂಬುದು ಶಾಸ್ತ್ರಜ್ಞರ ಮತ.

ಇದಕ್ಕಾಗಿ ಭೌತವಿಜ್ಞಾನಿಗಳು ದೇಹಕ್ಕೆ ಪ್ರತಿನಿಧಿಯಾಗಿ ನೀರಿನ ತೊಟ್ಟಿಯನ್ನಿಟ್ಟು, ಅದರಲ್ಲಿ ಅಳತೆಯ ಸಣ್ಣ ಕೋಶವನ್ನು ಮುಳುಗಿಸಿ, ಯಂತ್ರದ ಬಲವನ್ನು ಪರೀಕ್ಷಿಸುವರು. ಕೋಶದೊಳಗಿನ ಗಾಳಿಯ ಉಷ್ಣತೆ, ಒತ್ತಡಗಳಿಗೂ ಲೆಕ್ಕ ಕೊಡಬೇಕು. ಕೋಬಾಲ್ಟ್-60 ಮೂಲವಾಗಿದ್ದರೆ ಅದರ ಬಲ ಸುಮಾರು 5.27 ವರ್ಷಗಳಲ್ಲಿ ಅರ್ಧಕ್ಕಿಳಿಯುವುದು. ಅಂದರೆ ತಿಂಗಳಿಗೆ ಶೇಕಡಾ 1ಕ್ಕಿಂತ ತುಸು ಹೆಚ್ಚು. ಅದಕ್ಕೆ ತಕ್ಕಂತೆ ಚಿಕಿತ್ಸೆಯ ಕಾಲವನ್ನು ಬೆಳೆಸುತ್ತ ಹೋಗಬೇಕು.

ಈ ಲೆಕ್ಕ ತಪ್ಪಿದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನ ಎರಡು ದೃಷ್ಟಾಂತಗಳು ಸಾಕು. 1988ರಲ್ಲಿ ಎಕ್ಸೆಟರಿನಲ್ಲಿ ಹೊಸ ಕೋಬಾಲ್ಟ್ ಮೂಲದ ಬಲವನ್ನು ಗಣಿಸುವಾಗ ಆದ ತಪ್ಪಿನಿಂದ 207 ರೋಗಿಗಳಿಗೆ ಶೇಕಡಾ 25ರಷ್ಟು ಹೆಚ್ಚು ವಿಕಿರಣ ಸಂದಿತು. ಉತ್ತರ ಸ್ಟಾಫರ್ಡ್‌ಷೈರಿನಲ್ಲಿ ಆದುದು ಇದಕ್ಕೆ ವಿಪರೀತ. ಯಂತ್ರಕ್ಕೂ ರೋಗಿಗೂ ನಡುವಣ ದೂರ ಬದಲಾದಾಗ ಮಾಡುವ ತಿದ್ದುಪಡಿಯನ್ನು ಅಲ್ಲಿ ಹಿಂದಿನಿಂದಲೂ ಕೈಯಿಂದ ಮಾಡುತ್ತಿದ್ದರು. 1982ರಲ್ಲಿ ಬಂದ ಗಣಕವು ಅದೇ ತಿದ್ದುಪಡಿಯನ್ನು ತಾನೇ ಮಾಡುತ್ತಿದ್ದುದು ಯಾರ ಗಮನಕ್ಕೂ ಬರಲಿಲ್ಲ. ಹಳೆಯ ವಾಡಿಕೆ ಮುಂದುವರಿಯಿತು. 1991ರವರೆಗೆ ಸುಮಾರು ಸಾವಿರ ಮಂದಿಗೆ ಶೇಕಡಾ 5ರಿಂದ 30ರವರೆಗೆ ಕಡಮೆ ವಿಕಿರಣ ದೊರೆಯಿತು.

ಈ ಎರಡನೆಯ ಪ್ರಸಂಗವು ವಿಶೇಷವಾಗಿ ವಿಚಾರಾರ್ಹ. ಅಲ್ಲಿ ಕೈಯ ಲೆಕ್ಕವೂ ಸರಿ, ಗಣಕದ ಲೆಕ್ಕವೂ ಸರಿ. ಎರಡೂ ಕೂಡಿದುದೇ ದೋಷ. ಪ್ರತಿದಿನವೂ ಅದೇ ಕ್ರಮದಿಂದ ಎಷ್ಟು ಸಲ ಪರೀಕ್ಷಿಸಿದರೂ ಇಂಥ ದೋಷ ಹೊರಬೀಳದು. ಗ್ರಂಥಸಂಪಾದಕರಿಗೆ ಈ ನ್ಯಾಯ ಹೊಸದಲ್ಲ: ಒಂದೇ ಮಾತೃಕೆಯಿಂದ ಇಳಿದ ಹತ್ತು ಪ್ರತಿಗಳು ಒಂದೇ ಪಾಠವನ್ನು ಹೇಳಿದರೂ ಸಾಕ್ಷಿ ಒಂದೇ. ಆದುದರಿಂದಲೇ ಆಸ್ಪತ್ರೆಗಳಲ್ಲಿ ಒಬ್ಬರು ಮಾಡಿದ ಲೆಕ್ಕವನ್ನು ಮತ್ತೊಬ್ಬರು ಬೇರೆ ದಾರಿಯಿಂದ ಮಾಡಿ ನೋಡುವುದೂ, ಹೊರಗಿನ ಸಂಸ್ಥೆಗಳ ಮಾಪಕಗಳೊಡನೆ ತಮ್ಮ ಅಳತೆಯನ್ನು ಹೋಲಿಸುವುದೂ ನಿಯಮವಾಗಿದೆ. ರೋಗಿಯು ಈ ಲೆಕ್ಕಗಳನ್ನು ನೋಡನು. ಆದರೆ ಚಿಕಿತ್ಸೆಯ ಫಲವು ವೈದ್ಯರ ನಿರ್ಣಯವನ್ನು ಆಶ್ರಯಿಸಿರುವಷ್ಟೇ ಇವುಗಳ ಸಾಧುತ್ವವನ್ನೂ ಆಶ್ರಯಿಸಿರುತ್ತದೆ.