ಕಾರಿನ ನಡುಕಕ್ಕೆ ಕಾರಣ ಯಾರು?

ಒಂದು ಕಾಲದಲ್ಲಿ ಸರ್ಕಾರಿ ಅಧಿಕಾರಿಗಳ ವಾಹನ, ಮದುವೆಯ ದಿಬ್ಬಣದ ವಾಹನ, ರೈಲು ನಿಲ್ದಾಣದ ಮುಂದಿನ ಟ್ಯಾಕ್ಸಿ, ಎಲ್ಲವೂ ಅಂಬಾಸಿಡರ್ ಕಾರೇ ಆಗಿತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿದ ಈ ವಾಹನ 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. ಅದನ್ನು ಇಂದಿಗೂ ಅಕ್ಕರೆಯಿಂದ ಉಳಿಸಿಕೊಂಡವರಿದ್ದಾರೆ. ಇಂಥ ಹಳೆಯ ಕಾರುಗಳ ಬಗ್ಗೆ ಪದೇ ಪದೇ ಕೇಳಿಬರುವ ದೂರು ಒಂದಿದೆ: ‘ಐವತ್ತರ ತನಕ ಚೆನ್ನಾಗಿ ಹೋಗುತ್ತೆ, ಅರವತ್ತು ಮುಟ್ಟಿದ ಕೂಡಲೇ ನಡುಗುತ್ತೆ.’

ಈ ದೂರಿಗೆ ಸಾಮಾನ್ಯವಾಗಿ ಸಿಗುವ ಚಿಕಿತ್ಸೆ ಎಂದರೆ ಊಹೆ. ಮೊದಲು ಟೈರು ಬದಲಾಯಿಸುತ್ತಾರೆ, ಆಮೇಲೆ ಇಂಜಿನ್ನಿನ ರಬ್ಬರ್ ಮೌಂಟಿಂಗ್, ಆಮೇಲೆ ಇನ್ನೊಂದು. ಹಣ ಖರ್ಚಾಗುತ್ತದೆ, ನಡುಕ ಹಾಗೆಯೇ ಉಳಿಯುತ್ತದೆ. ಆದರೆ ನಡುಕವು ತನ್ನ ಮೂಲವನ್ನು ತಾನೇ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳಲು ನಿಮ್ಮ ಪಠ್ಯಪುಸ್ತಕದ ವೃತ್ತೀಯ ಚಲನೆಯ ಪಾಠ ಸಾಕು.

ಪ್ರೊಪೆಲ್ಲರ್ ಶಾಫ್ಟ್ ಎಂದರೇನು?

ಅಂಬಾಸಿಡರಿನಲ್ಲಿ ಇಂಜಿನ್ ಮುಂದಿದೆ, ಓಡಿಸುವ ಚಕ್ರಗಳು ಹಿಂದಿವೆ. ಇವೆರಡರ ನಡುವೆ ಶಕ್ತಿಯನ್ನು ಸಾಗಿಸುವುದು ಕಾರಿನ ಅಡಿಯಲ್ಲಿ ಉದ್ದಕ್ಕೂ ಇರುವ ಉಕ್ಕಿನ ಕೊಳವೆ. ಅದೇ ಪ್ರೊಪೆಲ್ಲರ್ ಶಾಫ್ಟ್. ರಸ್ತೆಯ ಉಬ್ಬುತಗ್ಗಿಗೆ ಹಿಂದಿನ ಆಕ್ಸಲ್ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಆದ್ದರಿಂದ ಶಾಫ್ಟನ್ನು ಬಿಗಿಯಾಗಿ ಜೋಡಿಸುವಂತಿಲ್ಲ. ಅದರ ಎರಡು ತುದಿಗಳಲ್ಲಿ ಒಂದೊಂದು ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಕೂಡುವ ಚಿಹ್ನೆಯ ಆಕಾರದ ಒಂದು ಉಕ್ಕಿನ ತುಂಡು ಎರಡು ಕವೆಗಳನ್ನು ಕೂಡಿಸುತ್ತದೆ. ಗ್ಯಾರೇಜಿನವರು ಈ ತುಂಡನ್ನು ‘ಕ್ರಾಸ್’ ಎನ್ನುತ್ತಾರೆ. ಅದರ ನಾಲ್ಕು ತುದಿಗಳಲ್ಲಿ ಸೂಜಿಯಂಥ ಸಣ್ಣ ಉರುಳೆಗಳ ಬೇರಿಂಗ್‌ಗಳಿರುತ್ತವೆ.

ಎಣಿಸಿದರೆ ಗೊತ್ತಾಗುತ್ತದೆ

ಒಂದು ಲೆಕ್ಕ ಮಾಡೋಣ. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1,000 ಮೀಟರ್. ಚಕ್ರದ ಸುತ್ತಳತೆ 2 ಮೀಟರ್ ಎಂದು ಹಿಡಿದರೆ ಚಕ್ರ ನಿಮಿಷಕ್ಕೆ 500 ಸುತ್ತು, ಅಂದರೆ ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ. ಹಿಂದಿನ ಡಿಫರೆನ್ಷಿಯಲ್ಲಿನ ಗೇರು ಅನುಪಾತ 4.5 ಎಂದುಕೊಳ್ಳಿ. ಆಗ ಶಾಫ್ಟು ನಿಮಿಷಕ್ಕೆ 2,250 ಸುತ್ತು, ಸೆಕೆಂಡಿಗೆ ಸುಮಾರು 37 ಸುತ್ತು ತಿರುಗುತ್ತದೆ.

ಚಕ್ರದ ತೂಕ ಸಮವಾಗಿಲ್ಲದಿದ್ದರೆ ನಡುಕ ಸೆಕೆಂಡಿಗೆ 8 ಸಲ ಬರುತ್ತದೆ. ಅದು ಕೈಗೆ, ಸ್ಟಿಯರಿಂಗಿಗೆ ತಿಳಿಯುವ ಅಲ್ಲಾಟ. ಶಾಫ್ಟಿನ ತೂಕ ಸಮವಾಗಿಲ್ಲದಿದ್ದರೆ ಸೆಕೆಂಡಿಗೆ 37 ಸಲ. ಅದು ಸೀಟಿಗೂ ಕಾಲಡಿಯ ತಗಡಿಗೂ ತಿಳಿಯುವ ಗುಂಯ್‌ಗುಡುವಿಕೆ. ಇಂದಿನ ಮೊಬೈಲ್ ಫೋನುಗಳಲ್ಲಿ ಕಂಪನವನ್ನು ಗುರುತಿಸುವ ಸಾಧನವಿದೆ. ಪಕ್ಕದಲ್ಲಿ ಕುಳಿತವರು ಫೋನನ್ನು ಕಾರಿನ ನೆಲಕ್ಕೆ ಒತ್ತಿ ಹಿಡಿದರೆ 8 ಮತ್ತು 37ರ ನಡುವಿನ ವ್ಯತ್ಯಾಸವನ್ನು ಅಂಕಿಯಲ್ಲೇ ನೋಡಬಹುದು.

ಇಂಜಿನ್ನಿನ ದೋಷವನ್ನು ಬೇರ್ಪಡಿಸುವುದು ಹೇಗೆ? ನಾಲ್ಕನೇ ಗೇರಿನಲ್ಲಿ ಇಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ. ಆದ್ದರಿಂದ ಆ ಗೇರಿನಲ್ಲಿ ಮಾತ್ರ ಪರೀಕ್ಷಿಸಿದರೆ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಮೂರನೇ ಗೇರಿಗೆ ಬಂದು ಅದೇ 60 ಕಿಲೋಮೀಟರ್ ವೇಗದಲ್ಲಿ ಓಡಿಸಿ ನೋಡಬೇಕು. ಈಗ ಇಂಜಿನ್ನಿನ ವೇಗ ಹೆಚ್ಚಾಗಿದೆ, ಶಾಫ್ಟಿನ ವೇಗ ಮೊದಲಿನಷ್ಟೇ ಇದೆ. ನಡುಕವೂ ಮೊದಲಿನಂತೆಯೇ ಇದ್ದರೆ ದೋಷ ಗೇರ್ ಬಾಕ್ಸಿನಿಂದ ಹಿಂದಕ್ಕೆ ಇದೆ. ನಡುಕ ಬದಲಾದರೆ, ಅಥವಾ ನಿಂತ ಕಾರಿನಲ್ಲೂ ಆಕ್ಸಿಲರೇಟರ್ ಒತ್ತಿದಾಗ ಕಾಣಿಸಿಕೊಂಡರೆ, ಇಂಜಿನ್ನಿನ ಕಡೆ ನೋಡಬೇಕು.

ಹತ್ತು ಗ್ರಾಂ ಹೇಗೆ ಎರಡೂವರೆ ಕಿಲೋ ಆಗುತ್ತದೆ?

ಶಾಫ್ಟಿಗೆ ಒಂದು ಬದಿಯಲ್ಲಿ ಕೇವಲ 10 ಗ್ರಾಂ ಒಣಗಿದ ಕೆಸರು ಅಥವಾ ಡಾಂಬರು ಅಂಟಿದೆ ಎಂದಿಟ್ಟುಕೊಳ್ಳಿ. ಅದು ಮಧ್ಯರೇಖೆಯಿಂದ 2.5 ಸೆಂಟಿಮೀಟರ್ ದೂರದಲ್ಲಿದೆ. ಶಾಫ್ಟು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಅದು ಶಾಫ್ಟನ್ನು ಹೊರಕ್ಕೆ ಎಳೆಯುವ ಬಲ ಸುಮಾರು 25 ನ್ಯೂಟನ್. ಅಂದರೆ ಎರಡೂವರೆ ಕಿಲೋಗ್ರಾಂ ತೂಕ ಎಳೆದಂತೆ, ಅದೂ ಪ್ರತಿ ಸುತ್ತಿಗೂ ದಿಕ್ಕು ಬದಲಿಸುತ್ತಾ! ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಅರ್ಧವಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ನಿಧಾನವಾಗಿ ಹೋಗುವಾಗ ಸುಮ್ಮನಿದ್ದ ಕಾರು ವೇಗ ಹೆಚ್ಚಿದಾಗ ನಡುಗುವುದು ಇದರಿಂದಲೇ.

ಎರಡು ಕೀಲುಗಳ ಗುಟ್ಟು

ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 17ನೇ ಶತಮಾನದಲ್ಲೇ ಈ ಬಗೆಯ ಜಾಯಿಂಟಿನ ವಿಚಿತ್ರ ಗುಣವೊಂದನ್ನು ಗಮನಿಸಿದ್ದ. ಜಾಯಿಂಟು ಓರೆಯಾಗಿ ಕೆಲಸ ಮಾಡುವಾಗ, ಒಳಬರುವ ವೇಗ ಸಮವಾಗಿದ್ದರೂ ಹೊರಹೋಗುವ ವೇಗ ಸಮವಾಗಿರುವುದಿಲ್ಲ. ಪ್ರತಿ ಸುತ್ತಿನಲ್ಲಿ ಅದು ಎರಡು ಸಲ ಹೆಚ್ಚಿ ಎರಡು ಸಲ ಕುಗ್ಗುತ್ತದೆ. ಓರೆ 10 ಡಿಗ್ರಿ ಇದ್ದರೆ, 2,000 ಸುತ್ತಿನ ವೇಗ 1,970ರಿಂದ 2,031ರವರೆಗೆ ಹೊಯ್ದಾಡುತ್ತದೆ.

ಇದಕ್ಕೆ ಪರಿಹಾರ ಎರಡನೆಯ ಜಾಯಿಂಟು. ಮೊದಲನೆಯದು ಹುಟ್ಟಿಸಿದ ಏರಿಳಿತವನ್ನು ಎರಡನೆಯದು ಅಳಿಸಿಹಾಕುತ್ತದೆ. ಆದರೆ ಅದಕ್ಕೆ ಎರಡು ಷರತ್ತುಗಳಿವೆ. ಎರಡೂ ಕಡೆಯ ಓರೆ ಸಮವಾಗಿರಬೇಕು. ಶಾಫ್ಟಿನ ಎರಡು ತುದಿಗಳ ಕವೆಗಳು ಒಂದೇ ಸಮತಲದಲ್ಲಿರಬೇಕು. ಹಿಂದಿನ ಕಮಾನು ಪಟ್ಟಿ ಜಗ್ಗಿದರೆ, ಅಥವಾ ಗೇರ್ ಬಾಕ್ಸಿನ ಕೆಳಗಿನ ರಬ್ಬರ್ ಕುಸಿದರೆ, ಮೊದಲ ಷರತ್ತು ತಪ್ಪುತ್ತದೆ. ಶಾಫ್ಟನ್ನು ಬಿಚ್ಚಿ ಮರಳಿ ಜೋಡಿಸುವಾಗ ಜಾರುವ ಹಲ್ಲುಗಳನ್ನು ಅಡ್ಡಾದಿಡ್ಡಿ ಸೇರಿಸಿದರೆ ಎರಡನೆಯದು ತಪ್ಪುತ್ತದೆ. ಕವೆಗಳು 90 ಡಿಗ್ರಿ ಆಚೀಚೆ ಆದರೆ ಏರಿಳಿತ ಅಳಿಯುವ ಬದಲು ಇಮ್ಮಡಿಯಾಗುತ್ತದೆ. ರಿಪೇರಿಯಾದ ಮೇಲೆ ಹೊಸದಾಗಿ ನಡುಕ ಶುರುವಾದರೆ ಮೊದಲು ನೋಡಬೇಕಾದದ್ದು ಇದನ್ನೇ. ಈ ನಡುಕ ಶಾಫ್ಟಿನ ಪ್ರತಿ ಸುತ್ತಿಗೆ ಎರಡು ಸಲ, ಅಂದರೆ ನಮ್ಮ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 75 ಸಲ ಬರುತ್ತದೆ.

ಖರ್ಚಿಲ್ಲದ್ದು ಮೊದಲು

ಪರೀಕ್ಷೆ ಮತ್ತು ದುರಸ್ತಿ ಖರ್ಚಿಲ್ಲದ ಕೆಲಸದಿಂದ ಆರಂಭವಾಗಬೇಕು. ಕಾರನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಇಂಜಿನ್ ನಿಲ್ಲಿಸಿ, ನುರಿತ ಮೆಕ್ಯಾನಿಕ್ ಈ ಕೆಲಸ ಮಾಡಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಹೋಗಕೂಡದು.

ಮೊದಲು ಶಾಫ್ಟಿಗೆ ಅಂಟಿದ್ದನ್ನೆಲ್ಲ ಕೆರೆದು ಒರೆಸಬೇಕು. ತಗ್ಗು ಬಿದ್ದಿದೆಯೇ, ತೂಕ ಸರಿದೂಗಿಸಲು ಬೆಸುಗೆ ಹಾಕಿದ್ದ ಸಣ್ಣ ತಗಡು ಕಳಚಿದೆಯೇ, ಬೋಲ್ಟು ಸಡಿಲವಾಗಿದೆಯೇ ಎಂದು ನೋಡಬೇಕು. ಆಮೇಲೆ ಜಾಯಿಂಟಿನ ಎರಡೂ ಬದಿಯನ್ನು ಹಿಡಿದು ವಿರುದ್ಧ ದಿಕ್ಕಿಗೆ ತಿರುಚಬೇಕು. ಒಳಗೆ ಸ್ವಲ್ಪ ಸಡಿಲ ಕಂಡರೂ ಕ್ರಾಸ್ ಸವೆದಿದೆ ಎಂದರ್ಥ. ಬೇರಿಂಗಿನ ಸುತ್ತ ಕೆಂಪು ತುಕ್ಕಿನ ಪುಡಿ, ನಿಧಾನವಾಗಿ ಹೋಗುವಾಗ ಕಿರುಗುಟ್ಟುವ ಸದ್ದು, ಕ್ಲಚ್ ಬಿಡುವಾಗ ‘ಟಕ್’ ಎಂಬ ಹೊಡೆತ, ಇವೂ ಅದೇ ಕಾಯಿಲೆಯ ಲಕ್ಷಣಗಳು. ಗ್ರೀಸ್ ಕಾಣದ ಜಾಯಿಂಟಿಗೆ ಈ ಗತಿ ಬೇಗ ಬರುತ್ತದೆ. ಸವೆದ ಕ್ರಾಸನ್ನು ಬದಲಾಯಿಸಲೇಬೇಕು. ಓಡುವಾಗ ಮುಂದಿನ ಜಾಯಿಂಟು ಮುರಿದರೆ ಶಾಫ್ಟಿನ ತುದಿ ರಸ್ತೆಗೆ ಚುಚ್ಚಿಕೊಂಡು ಪ್ರಾಣಕ್ಕೇ ಅಪಾಯ ತರಬಹುದು. ಬಿಚ್ಚುವ ಮೊದಲು ಪ್ರತಿ ಜೋಡಣೆಯ ಮೇಲೂ ಬಣ್ಣದ ಗೆರೆ ಎಳೆದಿದ್ದರೆ ಎಲ್ಲವೂ ಮೊದಲಿದ್ದಂತೆಯೇ ಕೂರುತ್ತದೆ.

ಇಷ್ಟಾದರೂ ನಡುಕ ನಿಲ್ಲದಿದ್ದರೆ ಹಳೆಯ ಉಪಾಯವೊಂದಿದೆ. ರಬ್ಬರ್ ಪೈಪು ಬಿಗಿಯುವ ತಿರುಪಿನ ಕ್ಲಿಪ್ಪೊಂದನ್ನು ಶಾಫ್ಟಿನ ಹಿಂತುದಿಗೆ ಬಿಗಿದು, ತಿರುಪಿನ ತಲೆ ಇರುವ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸುತ್ತಾರೆ. ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿ, ಕ್ಲಿಪ್ಪನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಓಡಿಸುತ್ತಾರೆ. ನಡುಕ ಅತಿ ಕಡಿಮೆಯಾದ ಜಾಗದಲ್ಲೇ ಅದನ್ನು ಬಿಡುತ್ತಾರೆ. ಯಾವ ಜಾಗದಲ್ಲೂ ಕಡಿಮೆಯಾಗದಿದ್ದರೆ ಶಾಫ್ಟು ಬಾಗಿರಬಹುದು. ಆಗ ಅದನ್ನು ಬ್ಯಾಲೆನ್ಸಿಂಗ್ ಯಂತ್ರ ಇರುವಲ್ಲಿಗೆ ಕಳುಹಿಸಬೇಕು.

ನೀವೇ ಮಾಡಿ ನೋಡಿ

ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ. ಹಿಂದಿನ ಚಕ್ರದ ಒಂದು ಕಡ್ಡಿಗೆ, ರಿಮ್ಮಿನ ಹತ್ತಿರ, ಭಾರವಾದ ನಟ್ಟೊಂದನ್ನು ಬಿಗಿಯಾಗಿ ಕಟ್ಟಿ. ಪೆಡಲನ್ನು ನಿಧಾನವಾಗಿ ತಿರುಗಿಸಿ: ಏನೂ ಆಗುವುದಿಲ್ಲ. ಜೋರಾಗಿ ತಿರುಗಿಸಿ: ಸೈಕಲ್ಲೇ ಕುಣಿಯುತ್ತದೆ. ಚಕ್ರವನ್ನು ನಿಲ್ಲಿಸಿ, ಅಷ್ಟೇ ತೂಕದ ಇನ್ನೊಂದು ನಟ್ಟನ್ನು ಸರಿಯಾಗಿ ಎದುರು ಬದಿಗೆ ಕಟ್ಟಿ ಮತ್ತೆ ತಿರುಗಿಸಿ. ಕುಣಿತ ನಿಲ್ಲುತ್ತದೆ. ತಿರುಗುವ ಕಡ್ಡಿಗಳಿಂದ ಬೆರಳು ದೂರವಿರಲಿ. ನಟ್ಟನ್ನು ರಿಮ್ಮಿನಿಂದ ಚಕ್ರದ ನಡುವಿನತ್ತ ಸರಿಸಿದರೆ ಕುಣಿತ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ? ಮೊದಲು ಲೆಕ್ಕ ಮಾಡಿ, ಆಮೇಲೆ ಮಾಡಿ ನೋಡಿ.