ಬೆಂಕಿಯ ಸುದ್ದಿ ಹೊರುವ ತಂತಿ

1871ನೆಯ ಇಸವಿ ಅಕ್ಟೋಬರ್ 8ರ ರಾತ್ರಿ ಅಮೆರಿಕದ ಚಿಕಾಗೋ ನಗರದ ಒಂದು ಕೊಟ್ಟಿಗೆಯ ಬಳಿ ಬೆಂಕಿ ಹೊತ್ತಿಕೊಂಡಿತು. ನ್ಯಾಯಾಲಯದ ಗೋಪುರದ ಮೇಲಿದ್ದ ಕಾವಲುಗಾರನು ಅದರ ಬೆಳಕನ್ನು ಕಂಡನಾದರೂ, ಅದು ಯಾವ ಎಡೆಯದೆಂಬುದನ್ನು ತಪ್ಪಾಗಿ ಊಹಿಸಿದನು. ಅಗ್ನಿಶಾಮಕ ದಳಕ್ಕೆ ಬೇರೊಂದು ಸ್ಥಳದ ಸಂಕೇತ ಹೋಯಿತು. ಒಣಹವೆ, ಬಿರುಗಾಳಿ ಮತ್ತು ಮರದ ಮನೆಗಳ ನೆರವಿನಿಂದ ಬೆಂಕಿ ಕೈಮೀರಿತು. ಸುಮಾರು 300 ಜನರು ಮಡಿದರು; ಸುಮಾರು ಒಂದು ಲಕ್ಷ ಜನರು ಮನೆಮಠಗಳನ್ನು ಕಳೆದುಕೊಂಡರು. ಬೆಂಕಿಯನ್ನು ಆರಿಸಲು ನೀರೆಷ್ಟು ಮುಖ್ಯವೋ, ಸರಿಯಾದ ಸುದ್ದಿ ಸಕಾಲದಲ್ಲಿ ತಲಪುವುದೂ ಅಷ್ಟೇ ಮುಖ್ಯವೆಂಬುದಕ್ಕೆ ಈ ದುರಂತವೇ ಸಾಕ್ಷಿ.

ಈ ಸುದ್ದಿಯನ್ನು ತಂತಿಯ ಮೂಲಕ ಕಳುಹಿಸುವ ಯತ್ನ ಅದಕ್ಕೂ ಮೊದಲೇ ನಡೆದಿತ್ತು. ವೈದ್ಯನಾದ ವಿಲಿಯಂ ಚ್ಯಾನಿಂಗ್ ಮತ್ತು ಯಂತ್ರವಿದನಾದ ಮೋಸಸ್ ಫಾರ್ಮರ್ ಎಂಬವರು ರೂಪಿಸಿದ ವ್ಯವಸ್ಥೆ 1852ರಲ್ಲಿ ಬಾಸ್ಟನ್ ನಗರದಲ್ಲಿ ಕೆಲಸಮಾಡತೊಡಗಿತು. ಬೀದಿಯ ಪೆಟ್ಟಿಗೆಯ ಹಿಡಿಯನ್ನು ತಿರುಗಿಸಿದರೆ ಆ ಪೆಟ್ಟಿಗೆಯ ಗುರುತು ಕೇಂದ್ರ ಕಚೇರಿಗೆ ತಲಪುತ್ತಿತ್ತು. ಅಲ್ಲಿಂದ ಊರಿನ ಗಂಟೆಗಳು ಮೊಳಗುತ್ತಿದ್ದವು.

ಇಂದಿನ ದೊಡ್ಡ ಕಟ್ಟಡಗಳಲ್ಲಿ ಹೊಗೆಯನ್ನೂ ಶಾಖವನ್ನೂ ಗುರುತಿಸುವ ಉಪಕರಣಗಳಿರುತ್ತವೆ. ಅವುಗಳಿಂದ ಬಂದ ತಂತಿಗಳು ಒಂದು ನಿಯಂತ್ರಣ ಫಲಕವನ್ನು ಸೇರುತ್ತವೆ. ಬೆಂಕಿಯ ಸುಳಿವು ಸಿಕ್ಕೊಡನೆ ಫಲಕವು ಗಂಟೆಯನ್ನು ಬಾರಿಸುತ್ತದೆ. ಆದರೆ ನಡುರಾತ್ರಿಯಲ್ಲಿ ಬೀಗ ಹಾಕಿದ ಶಾಲೆಯಲ್ಲಿಯೋ ಗೋದಾಮಿನಲ್ಲಿಯೋ ಗಂಟೆ ಬಾರಿಸಿದರೆ ಕೇಳುವವರಾರು? ಆದುದರಿಂದ ಆ ಸಂಕೇತವನ್ನು ಹಗಲಿರುಳೂ ಜನರಿರುವ ದೂರದ ಠಾಣೆಗೆ ಮುಟ್ಟಿಸಬೇಕಾಗುತ್ತದೆ.

ಇಲ್ಲಿ ಒಂದು ತೊಡಕುಂಟು. ಬೆಂಕಿಯಿಲ್ಲದಾಗ ತಂತಿ ಮೌನವಾಗಿರುತ್ತದೆ. ಇಲಿ ಕಡಿದು ತಂತಿ ತುಂಡಾದರೂ ಅದು ಮೌನವಾಗಿಯೇ ಇರುತ್ತದೆ. ಮೊದಲನೆಯ ಮೌನ ಕ್ಷೇಮದ್ದು, ಎರಡನೆಯದು ಅಪಾಯದ್ದು. ಇವೆರಡನ್ನೂ ಬೇರ್ಪಡಿಸುವುದು ಹೇಗೆ?

ಇದಕ್ಕೆ ಕಂಡುಕೊಂಡ ಉಪಾಯ ಬಹು ಸರಳವಾದುದು. ಫಲಕದಿಂದ ಹೊರಟ ಎರಡು ತಂತಿಗಳು ಒಂದೊಂದೇ ಉಪಕರಣವನ್ನು ಮುಟ್ಟುತ್ತ ಸಾಗುತ್ತವೆ. ಕಟ್ಟಕಡೆಯ ಉಪಕರಣದ ಆಚೆ, ಎರಡು ತಂತಿಗಳ ನಡುವೆ ಒಂದು ಚಿಕ್ಕ ರೋಧಕವನ್ನು ಜೋಡಿಸುತ್ತಾರೆ. ಅದರ ಮೂಲಕ ಕೆಲವೇ ಮಿಲಿಆಂಪಿಯರ್‌ಗಳಷ್ಟು ಅಲ್ಪ ವಿದ್ಯುತ್ತು ಸದಾ ಹರಿಯುತ್ತಿರುತ್ತದೆ. ಈ ಪ್ರವಾಹ ಇರುವವರೆಗೆ ತಂತಿ ಸುಸ್ಥಿತಿಯಲ್ಲಿದೆ ಎಂದರ್ಥ. ಬೆಂಕಿ ಕಂಡ ಉಪಕರಣವು ಎರಡು ತಂತಿಗಳ ನಡುವೆ ಹತ್ತಿರದ ದಾರಿಯನ್ನು ತೆರೆಯುವುದರಿಂದ ಪ್ರವಾಹ ಹೆಚ್ಚುತ್ತದೆ. ಆಗ ಗಂಟೆ ಮೊಳಗುತ್ತದೆ. ತಂತಿ ತುಂಡಾದರೆ ಪ್ರವಾಹ ನಿಂತುಹೋಗುತ್ತದೆ. ಆಗ ಫಲಕವು ದೋಷವಿದೆಯೆಂದು ಬೇರೆ ಬಗೆಯಲ್ಲಿ ಎಚ್ಚರಿಸುತ್ತದೆ.

ದೂರದ ಠಾಣೆಗೆ ಹೋಗುವ ಜೋಡಿ ತಂತಿಯಲ್ಲಿಯೂ ಇದೇ ತತ್ತ್ವವನ್ನು ಅಳವಡಿಸಿದರು. ಅಮೆರಿಕದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಒಂದು ಕ್ರಮದಲ್ಲಿ, ಬಾಡಿಗೆಗೆ ಪಡೆದ ದೂರವಾಣಿ ತಂತಿಗಳಿಗೆ ಫಲಕವು ನೇರ ವಿದ್ಯುತ್ತನ್ನು ಒದಗಿಸುತ್ತಿತ್ತು. ಒಂದು ತಂತಿ ಧನ, ಇನ್ನೊಂದು ಋಣ. ಇದು ಕ್ಷೇಮದ ಸ್ಥಿತಿ. ಬೆಂಕಿ ಹತ್ತಿದೊಡನೆ ಧನವಿದ್ದುದು ಋಣವಾಗಿ, ಋಣವಿದ್ದುದು ಧನವಾಗಿ ಅದಲುಬದಲಾಗುತ್ತಿತ್ತು. ವಿದ್ಯುತ್ತೇ ಬಾರದಿದ್ದರೆ ದೋಷವೆಂದು ಠಾಣೆಯವರು ತಿಳಿಯುತ್ತಿದ್ದರು. ಹೀಗೆ ಎರಡೇ ತಂತಿಗಳು ಮೂರು ಮಾತುಗಳನ್ನು ಆಡುತ್ತಿದ್ದವು.

ಉಪಾಯವು ಎಷ್ಟೇ ಜಾಣ್ಮೆಯದಾದರೂ ಅದರ ಫಲ ತಂತಿ ಜೋಡಿಸುವವನ ಪ್ರಾಮಾಣಿಕತೆಯನ್ನು ಅವಲಂಬಿಸಿದೆ. ಕಡೆಯ ಉಪಕರಣದವರೆಗೆ ಹೋಗುವ ಶ್ರಮಕ್ಕೆ ಬೇಸತ್ತು ರೋಧಕವನ್ನು ಫಲಕದೊಳಗೇ ಸಿಕ್ಕಿಸಿದನೆನ್ನಿ. ಹಸುರು ದೀಪವೇನೋ ಉರಿಯುತ್ತದೆ. ಆದರೆ ಕಟ್ಟಡದೊಳಗಿನ ತಂತಿಯೆಲ್ಲ ತುಂಡಾದರೂ ಅದು ಉರಿಯುತ್ತಲೇ ಇರುತ್ತದೆ! ಮತ್ತೊಂದು ತಪ್ಪೂ ಉಂಟು. ಪ್ರತಿಯೊಂದು ಉಪಕರಣದ ಬಳಿ ತಂತಿಯನ್ನು ಕತ್ತರಿಸಿ, ಒಳಬರುವ ತುದಿಯನ್ನೂ ಹೊರಹೋಗುವ ತುದಿಯನ್ನೂ ಬೇರೆ ಬೇರೆಯಾಗಿ ಬಿಗಿಯಬೇಕು. ಹಾಗೆ ಮಾಡದೆ ತಂತಿಯ ನಡುವಿನ ಹೊದಿಕೆಯನ್ನಷ್ಟೇ ಸುಲಿದು ತಿರುಪಿಗೆ ಸುತ್ತಿದರೆ, ಮುಂದೆ ತಿರುಪು ಸಡಿಲಗೊಂಡು ಉಪಕರಣ ಕಳಚಿದರೂ ವಿದ್ಯುತ್ತು ಎಂದಿನಂತೆ ಹರಿಯುತ್ತದೆ. ಕಾವಲಿಲ್ಲದ ಕೋಣೆಯನ್ನು ಫಲಕವು ಕಾವಲಿದೆಯೆಂದೇ ನಂಬುತ್ತದೆ.

ಊರಿನ ವಿದ್ಯುತ್ತು ನಿಂತಾಗಲೂ ಕೆಲಸ ನಡೆಯುವಂತೆ ಫಲಕದಲ್ಲಿ ಬ್ಯಾಟರಿಗಳಿರುತ್ತವೆ. ಇತ್ತೀಚೆಗೆ ದೂರವಾಣಿಯ ತಾಮ್ರದ ತಂತಿಗಳ ಸ್ಥಾನದಲ್ಲಿ ಮೊಬೈಲ್ ಜಾಲವೂ ಅಂತರಜಾಲವೂ ಬರುತ್ತಿವೆ. ಸಾಧನಗಳು ಬದಲಾದರೂ ತತ್ತ್ವ ಬದಲಾಗಿಲ್ಲ. ಫಲಕವು ಗೊತ್ತಾದ ವೇಳೆಗೊಮ್ಮೆ ತಾನು ಸುಸ್ಥಿತಿಯಲ್ಲಿರುವೆನೆಂದು ಠಾಣೆಗೆ ತಿಳಿಸುತ್ತಿರುತ್ತದೆ. ಆ ಸಂದೇಶ ತಪ್ಪಿದರೆ ಠಾಣೆಯವರು ಎಚ್ಚರಗೊಳ್ಳುತ್ತಾರೆ.

ಗೋಡೆಯೊಳಗೆ ಹುದುಗಿದ ತಂತಿಯ ಜೋಡಣೆಯನ್ನು ಯಾರೂ ನೋಡುವುದಿಲ್ಲ. ವರ್ಷಗಟ್ಟಲೆ ಅದಕ್ಕೆ ಕೆಲಸವೂ ಬೀಳದಿರಬಹುದು. ಆದರೆ ಒಂದು ರಾತ್ರಿ ಬೆಂಕಿ ಹೊತ್ತಿದರೆ, ಒಳಗೆ ಮಲಗಿರುವವರ ಪ್ರಾಣವು ಎಂದೋ ಒಬ್ಬನು ಬಿಗಿಯಾಗಿ ತಿರುಗಿಸಿದ ಆ ಸಣ್ಣ ತಿರುಪನ್ನೇ ನೆಚ್ಚಿಕೊಂಡಿರುತ್ತದೆ.