ಬಣ್ಣದ ಕೆಳಗಲ್ಲ, ಕೊಳವೆಯ ಒಳಗೆ

1958ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಎಚ್‌ಎಎಲ್‌ನಿಂದ ಮೊದಲ ಸಲ ಹಾರಿದ ಪುಷ್ಪಕ್, ಇಬ್ಬರು ಅಕ್ಕಪಕ್ಕ ಕೂರುವ ಪುಟ್ಟ ವಿಮಾನ. ಎಂಜಿನ್ 90 ಅಶ್ವಶಕ್ತಿಯದು. ತುಂಬಿದ ತೂಕ ಸುಮಾರು 600 ಕಿಲೊ. ವಿ.ಎಂ. ಘಾಟಗೆಯವರ ತಂಡ ರೂಪಿಸಿದ ಈ ವಿಮಾನ 160ರಷ್ಟು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳನ್ನು ಸೇರಿತು. ಅದರ ರೆಕ್ಕೆ ಪೈಲಟ್‌ನ ತಲೆಯ ಮೇಲಿದೆ. ಹೊಟ್ಟೆಯ ಬದಿಯಿಂದ ರೆಕ್ಕೆಯ ನಡುಭಾಗಕ್ಕೆ ಓರೆಯಾಗಿ ಕೊಳವೆಗಳು ಹೋಗಿವೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅವು ಸ್ಟ್ರಟ್. ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯ ಸೆಸ್ನಾಗಳಲ್ಲೂ ಇವನ್ನು ಕಾಣಬಹುದು.

ವಿಮಾನ ನಿಂತಿರುವಾಗ ಸ್ಟ್ರಟ್ಟು ಗೊನೆ ಹೊತ್ತ ಬಾಳೆಗೆ ಕೊಟ್ಟ ಆಸರೆಗೋಲಿನಂತೆ ರೆಕ್ಕೆಯ ಭಾರ ತಡೆಯುತ್ತದೆ. ಹಾರಿದ ಕೂಡಲೇ ಎಲ್ಲವೂ ತಿರುವುಮುರುವು. ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ, ಸ್ಟ್ರಟ್ಟು ಅದನ್ನು ಕೆಳಕ್ಕೆ ಎಳೆದು ಹಿಡಿಯುತ್ತದೆ. ಅಂದಾಜು ಲೆಕ್ಕ ಹಾಕೋಣ. 600 ಕಿಲೊ ವಿಮಾನದಲ್ಲಿ ಒಂದೊಂದು ರೆಕ್ಕೆಗೆ 300 ಕಿಲೊ. ಅದೆಲ್ಲ ಒಂದೇ ಸ್ಟ್ರಟ್ಟಿನ ಮೇಲೆ ಬಿದ್ದು, ಆ ಸ್ಟ್ರಟ್ಟು ರೆಕ್ಕೆಗೆ 30 ಡಿಗ್ರಿ ಓರೆಯಲ್ಲಿದ್ದರೆ ಅದರ ಮೇಲಿನ ಎಳೆತ ದುಪ್ಪಟ್ಟು, ಅಂದರೆ 600 ಕಿಲೊ. 60 ಡಿಗ್ರಿ ವಾಲಿಸಿ, ಎತ್ತರ ಕಳೆದುಕೊಳ್ಳದೆ ತಿರುಗಿದರೆ 1200. ಆಗ ಅದು ತುಂಡಾದರೆ ರೆಕ್ಕೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಪೈಲಟ್‌ನ ಯಾವ ಜಾಣ್ಮೆಯೂ ಅಲ್ಲಿ ನಡೆಯದು.

ಹಳೆಯ ಪೈಪರ್ ಕಬ್‌ನಂಥ ವಿಮಾನಗಳ ಸ್ಟ್ರಟ್ಟು ತೆಳು ಉಕ್ಕಿನ ಟೊಳ್ಳು ಕೊಳವೆ. ತುಕ್ಕು ಹಿಡಿಯುವುದು ಒಳಗಿನಿಂದ. ಮಳೆ ಕಡಿಮೆಯಿರುವ ಕಳ್ಳಂಬೆಳ್ಳ, ಸಿರಾ ಕಡೆಯವರು ಕೇಳಬಹುದು: ಒಣ ಸೀಮೆಯಲ್ಲಿ ತುಕ್ಕೆಲ್ಲಿಂದ? ಬಾಯಿ ಪೂರ್ತಿ ಮುಚ್ಚದ ಕೊಳವೆಯೊಳಗಿನ ಗಾಳಿ ಹಗಲಲ್ಲಿ ಕಾದು ಹಿಗ್ಗಿ ಹೊರಹೋಗುತ್ತದೆ, ರಾತ್ರಿ ತಣ್ಣಗಾದಾಗ ಹೊರಗಿನ ಗಾಳಿ ತೇವದೊಂದಿಗೆ ಒಳಬರುತ್ತದೆ. ಆ ತೇವ ಹನಿಗಟ್ಟಿ ಕೆಳತುದಿಗೆ ಇಳಿಯುತ್ತದೆ. ಒಣ ಹವೆಯಲ್ಲಿ ಇದು ನಿಧಾನ, ಅಷ್ಟೇ. ಕೊಳವೆ ವರ್ಷಗಟ್ಟಲೆ ಸವೆದರೂ ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಬಣ್ಣ ನೋಡಿ ಸ್ಟ್ರಟ್ಟನ್ನು ನಂಬುವುದು ಅಪಾಯ.

1993ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಪೈಪರ್ ಸ್ಟ್ರಟ್ಟುಗಳ ಬಗ್ಗೆ ಆದೇಶ ಹೊರಡಿಸಿತು. ಮುಚ್ಚದ ಮಾದರಿಯವನ್ನು 24 ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ವಿಮಾನದ ಬಟ್ಟೆಹೊದಿಕೆಯ ಗಟ್ಟಿತನ ನೋಡಲು ಬಳಸುವ, ಸ್ಪ್ರಿಂಗ್ ಇರುವ ಮೌಲ್ ಟೆಸ್ಟರನ್ನು ಕೆಳತುದಿಯುದ್ದಕ್ಕೂ ಒತ್ತುತ್ತಾ ಹೋಗುತ್ತಾರೆ. ಲೋಹ ತಗ್ಗಾದರೆ ಸ್ಟ್ರಟ್ಟು ಗುಜರಿಗೆ. ಅಲ್ಟ್ರಾಸೌಂಡಿನಿಂದ ಗೋಡೆಯ ದಪ್ಪ ಅಳೆಯುವುದೂ ಉಂಟು. ಪಾಸಾದ ಕೊಳವೆಯೊಳಗೆ ಅಗಸೆ ಎಣ್ಣೆ ಸುರಿದು, ಒಳಮೈಗೆಲ್ಲ ಹತ್ತುವಂತೆ ಹೊರಳಿಸಿ, ಬಸಿಯುತ್ತಾರೆ.

ಕೆಳತುದಿಗೆ ತಿರುಚಿ ಕೂರಿಸುವ ಕವೆಯಂಥ ತುಂಡು, ಅಂದರೆ ಫೋರ್ಕು; ಅದರ ತಿರುಪಿನ ಮರೆ (ಥ್ರೆಡ್) ಇನ್ನೊಂದು ದುರ್ಬಲ ಜಾಗ. ಮರೆಯ ಕಣಿವೆಯಲ್ಲಿ ಒತ್ತಡ ಸೇರಿ ಕೂದಲೆಳೆಯ ಬಿರುಕು ಹುಟ್ಟಬಹುದು. ಉಕ್ಕನ್ನು ಅಯಸ್ಕಾಂತವಾಗಿಸಿ ಕಬ್ಬಿಣದ ಸಣ್ಣ ಕಣಗಳನ್ನು ಹರಿಸಿದರೆ ಬಿರುಕಿದ್ದಲ್ಲಿ ಅವು ಗೆರೆಯಾಗಿ ಕೂರುತ್ತವೆ. ಸೆಸ್ನಾದ ಸ್ಟ್ರಟ್ಟು ಅಲ್ಯೂಮಿನಿಯಂನದು. ಅದಕ್ಕೆ ಉಕ್ಕಿನ ಈ ತುಕ್ಕಿಲ್ಲ, ಆದರೆ ತುದಿಯ ಬೋಲ್ಟು, ಅದರ ತೂತು, ಬಿರುಕುಗಳ ಮೇಲೆ ಕಣ್ಣಿರಲೇಬೇಕು.

ನನ್ನ ಮಟ್ಟಿಗೆ, ಎರಡು ವರ್ಷಕ್ಕೊಮ್ಮೆ ಒತ್ತಿ ನೋಡಿ ನೆಮ್ಮದಿ ಪಡುವುದಕ್ಕಿಂತ ಎರಡೂ ತುದಿ ಬೆಸೆದು ಮುಚ್ಚಿದ ಹೊಸ ಸ್ಟ್ರಟ್ಟು ಹಾಕಿಸುವುದೇ ಸರಿ. ಅಂಥವಕ್ಕೆ ಕೊಳವೆಯ ಪದೇ ಪದೇ ತಪಾಸಣೆಯಿಂದ ಎಫ್‌ಎಎ ವಿನಾಯಿತಿ ಕೊಟ್ಟಿದೆ. ಬದಲಿಸುವಾಗ ರೆಕ್ಕೆಗೆ ಕೆಳಗಿನಿಂದ ಗಟ್ಟಿ ಆಧಾರ ಕೊಡದೆ ಒಂದು ಬೋಲ್ಟನ್ನೂ ಕಳಚಬಾರದು. ರೆಕ್ಕೆಗೆ ಮುಂದೊಂದು ಹಿಂದೊಂದು ಇರುವ ಸ್ಟ್ರಟ್ಟುಗಳಲ್ಲಿ ಹಿಂಬದಿಯದರ ಉದ್ದದಿಂದಲೇ ರೆಕ್ಕೆಯ ತುದಿಯ ತಿರುಚು ಹೊಂದಿಸುವುದರಿಂದ, ಫೋರ್ಕನ್ನು ಒಂದೆರಡು ಸುತ್ತು ಹೆಚ್ಚು ತಿರುಗಿಸಿದರೂ ವಿಮಾನ ಒಂದು ಬದಿಗೆ ವಾಲುತ್ತದೆ. ಹಾಗೆ ವಾಲಿದರೆ ನೆಲಕ್ಕಿಳಿಸಿ ಮತ್ತೆ ಹೊಂದಿಸಬೇಕು. ಆದರೆ ಕೊಳವೆಯೊಳಗೆ ಇರಬೇಕಾದಷ್ಟು ಮರೆ ಉಳಿಸಿಕೊಂಡೇ.